ಸ್ವಾತಿ ಬರಲಿ, ಆಮೇಲೆ ಬಿತ್ತಿ: ಮುಂಬಯಿಯ ಚಳಿಗಾಲದ ಹೂವುಗಳ ಲೆಕ್ಕ

ಗಣಪತಿ ವಿಸರ್ಜನೆ ಮುಗಿದು ಮಳೆ ಸ್ವಲ್ಪ ಬಿಡುವು ಕೊಡುತ್ತಿದ್ದಂತೆ ಮುಂಬಯಿಯ ನರ್ಸರಿಗಳಲ್ಲೂ ಆನ್‌ಲೈನ್ ಅಂಗಡಿಗಳಲ್ಲೂ ಚಳಿಗಾಲದ ಹೂಬೀಜದ ಪೊಟ್ಟಣಗಳು ಬಂದು ಕೂರುತ್ತವೆ. ಪೆಟೂನಿಯಾ, ಫ್ಲಾಕ್ಸ್, ಡಯಾಂಥಸ್, ಕ್ಯಾಲೆಂಡುಲಾ, ಪ್ಯಾನ್ಸಿ. ಮುಂಬದಿಯಲ್ಲಿ ಕಣ್ಣು ಕುಕ್ಕುವ ಚಿತ್ರ, ಹಿಂಬದಿಯಲ್ಲಿ ಸಣ್ಣ ಅಕ್ಷರದ ಸೂಚನೆ. ಬಿತ್ತನೆಯ ಕಾಲ ಆಗಸ್ಟ್‌ನಿಂದ ಅಕ್ಟೋಬರ್ ಎಂದು ಒಂದರಲ್ಲಿ, ಸೆಪ್ಟೆಂಬರ್‌ನಿಂದ ನವೆಂಬರ್ ಎಂದು ಇನ್ನೊಂದರಲ್ಲಿ. ಡೊಂಬಿವಲಿಯಲ್ಲೋ ಮುಲುಂಡ್‌ನಲ್ಲೋ ಗ್ರಿಲ್ಲಿನ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರು ಅದನ್ನು ನಂಬಿ ಸೆಪ್ಟೆಂಬರ್ ಮೂರನೇ ವಾರ ಬಿತ್ತುತ್ತಾರೆ. ವಾರದೊಳಗೆ ಹಸಿರು ಚುಕ್ಕೆಗಳಂತೆ ಸಸಿ ಏಳುತ್ತದೆ. ಆಮೇಲೆ ಒಂದು ಸಂಜೆ ಜೋರು ಮಳೆ. ಮರುದಿನ ಬಿಸಿಲು. ಮೂರನೇ ದಿನಕ್ಕೆ ಸಸಿಗಳೆಲ್ಲ ಬುಡದಲ್ಲಿ ಕಪ್ಪಾಗಿ, ದಾರ ಕಡಿದಂತೆ ಅಡ್ಡ ಬಿದ್ದಿರುತ್ತವೆ.

ಇಂಥ ಹೊತ್ತಿನಲ್ಲಿ ಕನ್ನಡದ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ನನ್ನ ಕೈಗುಣ ಚೆನ್ನಾಗಿಲ್ಲ." ಎರಡು ವರ್ಷ ಹೀಗಾದರೆ ಬೀಜದ ಸಹವಾಸ ಬಿಟ್ಟು, ಡಿಸೆಂಬರ್‌ನಲ್ಲಿ ನರ್ಸರಿಯಿಂದ ಹೂಬಿಟ್ಟ ಕುಂಡ ತಂದು, ಫೆಬ್ರವರಿ ಕೊನೆಗೆ ಒಣಗಿದ ಮೇಲೆ ಎಸೆಯುವ ಅಭ್ಯಾಸ ಶುರುವಾಗುತ್ತದೆ. ಜೊತೆಗೆ ಒಂದು ತೀರ್ಮಾನವೂ ಗಟ್ಟಿಯಾಗುತ್ತದೆ: ಮುಂಬಯಿಗೆ ಚಳಿಯೇ ಇಲ್ಲ, ಇಲ್ಲಿ ಈ ಹೂವುಗಳು ಆಗುವುದಿಲ್ಲ.

ಈ ಎರಡು ತೀರ್ಮಾನಗಳೂ ತಪ್ಪು. ಮುಂಬಯಿಗೆ ಚಳಿ ಇದೆ. ಚಿಕ್ಕದು, ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಇಲ್ಲಿ ಹೂ ಬೆಳೆಸಬೇಕಾದರೆ ಬೀಜ ಬಿತ್ತುವ ಕಾಲ ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಮೂರನೇ ವಾರದ ತನಕ, ಅಂದರೆ ನಮ್ಮ ರೈತರ ಲೆಕ್ಕದಲ್ಲಿ ಸ್ವಾತಿ ಮತ್ತು ವಿಶಾಖೆ. ಅದಕ್ಕಿಂತ ಮುಂಚೆ ಬಿತ್ತಿದರೆ ಕೊಳೆಯುತ್ತದೆ, ಬಹಳ ತಡವಾದರೆ ಹೂ ಬಿಡುವ ಹೊತ್ತಿಗೆ ಸೆಕೆ ಬಂದು ಮುಗಿಸುತ್ತದೆ. ಇಷ್ಟು ಸರಳವಾದ ಸಂಗತಿ ಯಾವ ಪೊಟ್ಟಣದ ಮೇಲೂ ಯಾಕೆ ಸಿಗುವುದಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆ.

ಯಾರ ಪಂಚಾಂಗ?

ಭಾರತದಲ್ಲಿ ಹೂದೋಟದ ಪುಸ್ತಕಗಳ ಹಿನ್ನೆಲೆ ನೋಡಿದರೆ ಉತ್ತರ ಸ್ವಲ್ಪ ತಿಳಿಯುತ್ತದೆ. 1860ರ ದಶಕದಲ್ಲಿ ಬಂಗಾಳದಲ್ಲಿ ಪಾದ್ರಿಯಾಗಿದ್ದ ಫರ್ಮಿಂಜರ್ ಬರೆದ ಕೈಪಿಡಿ ಮುಂದಿನ ಎಷ್ಟೋ ದಶಕ ಈ ದೇಶದ ತೋಟಗಾರರ ಆಧಾರಗ್ರಂಥವಾಗಿತ್ತು. ಅದರ ಶೀರ್ಷಿಕೆಯಲ್ಲೇ 'ಬಂಗಾಳ ಮತ್ತು ಉತ್ತರ ಭಾರತಕ್ಕೆ' ಎಂದು ಪ್ರಾಮಾಣಿಕವಾಗಿ ಹೇಳಲಾಗಿತ್ತು. ಪಶ್ಚಿಮ ಭಾರತಕ್ಕೆ ಬಂದರೆ, 19ನೇ ಶತಮಾನದ ಕೊನೆಯ ದಶಕಗಳಲ್ಲಿ ತೋಟಗಾರಿಕೆಯ ಬಗ್ಗೆ ಬರೆದ ವುಡ್ರೋ ಇದ್ದದ್ದು ಪುಣೆಯಲ್ಲಿ, ಗಣೇಶಖಿಂಡದ ಸಸ್ಯೋದ್ಯಾನ ನೋಡಿಕೊಳ್ಳುತ್ತಾ. ದಕ್ಷಿಣದಲ್ಲಿ ಹೆಸರಾದ 'ಕಂಪ್ಲೀಟ್ ಗಾರ್ಡನಿಂಗ್ ಇನ್ ಇಂಡಿಯಾ' ಬರೆದ ಗೋಪಾಲಸ್ವಾಮಿ ಅಯ್ಯಂಗಾರ್ ಬೆಂಗಳೂರಿನವರು. ಅವರವರ ಊರಿಗೆ ಅವರವರ ಮಾತು ಸರಿಯೇ. ಆದರೆ ಪುಸ್ತಕದಿಂದ ಕ್ಯಾಟಲಾಗಿಗೆ, ಕ್ಯಾಟಲಾಗಿನಿಂದ ಪೊಟ್ಟಣಕ್ಕೆ ಇಳಿಯುವಾಗ ಊರಿನ ಹೆಸರು ಉದುರಿಹೋಗಿ ತಿಂಗಳ ಹೆಸರು ಮಾತ್ರ ಉಳಿಯಿತು.

ಪುಣೆ ಮುಂಬಯಿಗೆ ರೈಲಿನಲ್ಲಿ ಮೂರು-ನಾಲ್ಕು ಗಂಟೆಯ ದಾರಿ. ಆದರೆ ಅದು ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಜನವರಿಯ ರಾತ್ರಿ ಅಲ್ಲಿ ಸರಾಸರಿ 11-12 ಡಿಗ್ರಿಗೆ ಇಳಿಯುತ್ತದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಅಕ್ಟೋಬರ್‌ನಲ್ಲಿ ಹಗಲು 28 ಡಿಗ್ರಿಯ ಆಸುಪಾಸು ಇರುವ ಊರು ಅದು. ಅಲ್ಲಿ ಸೆಪ್ಟೆಂಬರ್ ಬಿತ್ತನೆ ನಡೆಯುತ್ತದೆ. ಮುಂಬಯಿಯ ಅಕ್ಟೋಬರ್ ಬೇರೆಯೇ ಲೋಕ. 'ಅಕ್ಟೋಬರ್ ಹೀಟ್' ಎಂಬ ಮಾತು ಈ ಊರಿನ ಮರಾಠಿ, ಗುಜರಾತಿ, ಕನ್ನಡ, ತುಳು ಎಲ್ಲ ಮನೆಗಳಲ್ಲೂ ಹಾಗೆಯೇ ಬಳಕೆಯಲ್ಲಿದೆ. ಮೋಡ ಸರಿದು ಬಿಸಿಲು ನೇರ ಬೀಳುತ್ತದೆ, ನೆಲದಲ್ಲಿ ನಾಲ್ಕು ತಿಂಗಳ ನೀರು ಇನ್ನೂ ಇದೆ, ಅದೆಲ್ಲ ಆವಿಯಾಗಿ ಏಳುತ್ತದೆ. ಹಗಲು 34 ಡಿಗ್ರಿ, ರಾತ್ರಿ 23-24, ಜೊತೆಗೆ ಬೆವರಿಳಿಸುವ ತೇವ. ಸಸಿಯ ಬುಡ ಕೊಳೆಸುವ ಶಿಲೀಂಧ್ರಗಳಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ.

ವಿದೇಶಿ ಪೊಟ್ಟಣಗಳದ್ದು ಇನ್ನೊಂದು ಕಥೆ. ಅವುಗಳ ಕಾಲಗಣನೆಯೆಲ್ಲ 'ಕೊನೆಯ ಹಿಮ' ಎಂಬ ದಿನದಿಂದ ಶುರು. ಕೊನೆಯ ಹಿಮಕ್ಕೆ ಆರು ವಾರ ಮೊದಲು ಮನೆಯೊಳಗೆ ಬಿತ್ತಿ, ಹಿಮ ಕಳೆದ ಮೇಲೆ ಹೊರಗೆ ನೆಡಿ, ಹೀಗೆ. ಈ ವಾಕ್ಯವನ್ನು ಕನ್ನಡಕ್ಕೆ ತಂದರೆ ಪದಗಳು ಬರುತ್ತವೆ, ಲೆಕ್ಕ ಬರುವುದಿಲ್ಲ. ಮುಂಬಯಿಯಲ್ಲಿ ಹಿಮ ಬೀಳುವುದಿಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.4 ಡಿಗ್ರಿ, ಅದು 1962ರ ಜನವರಿ 22ರಂದು. ಅಲ್ಲಿ ಗಿಡಕ್ಕೆ ಶತ್ರು ಚಳಿ, ಇಲ್ಲಿ ಶತ್ರು ಸೆಕೆ. ಅಲ್ಲಿ ಚಳಿ ಮುಗಿಯುವ ದಿನದಿಂದ ಎಣಿಸಿದರೆ, ಇಲ್ಲಿ ಸೆಕೆ ಮರಳುವ ದಿನದಿಂದ ಹಿಂದಕ್ಕೆ ಎಣಿಸಬೇಕು.

ಪದದ ಗೊಂದಲ ಇನ್ನೂ ಒಂದಿದೆ. ಇಂಗ್ಲಿಷಿನ 'ಆನ್ಯುವಲ್' ಎಂಬುದನ್ನು ಎಷ್ಟೋ ಕಡೆ 'ವಾರ್ಷಿಕ ಹೂವು' ಎಂದು ಕನ್ನಡಿಸುತ್ತಾರೆ. ಕನ್ನಡದಲ್ಲಿ ವಾರ್ಷಿಕ ಎಂದರೆ ವರ್ಷವರ್ಷವೂ ಬರುವುದು: ವಾರ್ಷಿಕ ಜಾತ್ರೆ, ವಾರ್ಷಿಕ ಪರೀಕ್ಷೆ. ಹಾಗಾಗಿ ಹೂ ಮುಗಿದ ಪೆಟೂನಿಯಾವನ್ನು ಮುಂದಿನ ವರ್ಷ ಮತ್ತೆ ಬಿಟ್ಟೀತು ಎಂದು ಮೇ ತಿಂಗಳಲ್ಲೂ ನೀರುಣಿಸುವವರಿದ್ದಾರೆ. ಪಠ್ಯಪುಸ್ತಕಗಳ 'ಏಕವಾರ್ಷಿಕ' ವಾಸಿ. ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಒಂದೇ ಬೆಳೆಯಲ್ಲಿ ಆಯುಸ್ಸು ಮುಗಿಸುವ ಗಿಡ ಅದು. ಆ ಆಯುಸ್ಸು ಯಾವ ತಿಂಗಳುಗಳ ಮೇಲೆ ಹಾಯ್ದುಹೋಗುತ್ತದೆ ಎಂಬುದರಲ್ಲೇ ಎಲ್ಲ ಇದೆ.

ಹಿಂದಕ್ಕೆ ಎಣಿಸುವುದು

ಮುಂಬಯಿಯ ಲೆಕ್ಕ ಹೀಗೆ. ಹವಾಮಾನ ಇಲಾಖೆ 2020ರಲ್ಲಿ ಪರಿಷ್ಕರಿಸಿದ ಪ್ರಕಾರ ಮುಂಗಾರು ಮುಂಬಯಿ ಬಿಟ್ಟು ಹೋಗುವ ಸಾಮಾನ್ಯ ದಿನ ಅಕ್ಟೋಬರ್ 8. ಅಲ್ಲಿಂದ ಎರಡು ವಾರ ಅಕ್ಟೋಬರ್ ಹೀಟ್. ಸಾಂತಾಕ್ರೂಜ್‌ನಲ್ಲಿ ರಾತ್ರಿಯ ಸರಾಸರಿ ನವೆಂಬರ್‌ನಲ್ಲಿ ಸುಮಾರು 20-21 ಡಿಗ್ರಿ, ಡಿಸೆಂಬರ್‌ನಲ್ಲಿ 18ರ ಹತ್ತಿರ, ಜನವರಿಯಲ್ಲಿ 17ರ ಹತ್ತಿರ, ಫೆಬ್ರವರಿಯಲ್ಲಿ ಮತ್ತೆ 18. ಮಾರ್ಚ್‌ಗೆ 21. ಹಗಲು ಮಾತ್ರ ಇಡೀ ಚಳಿಗಾಲದಲ್ಲೂ 30 ದಾಟಿಯೇ ಇರುತ್ತದೆ. ಅಂದರೆ ಮುಂಬಯಿಯ ಚಳಿಗಾಲ ಎಂಬುದು ರಾತ್ರಿಯಲ್ಲಿ ಮಾತ್ರ ಇರುವ ಚಳಿಗಾಲ. ಹಗಲಿನಲ್ಲಿ ಬೆವರುತ್ತಾ ನಡೆಯುವವರಿಗೆ ಅದು ಗೊತ್ತಾಗುವುದಿಲ್ಲ, ಬೇರಿಗೆ ಗೊತ್ತಾಗುತ್ತದೆ.

ಮಾರ್ಚ್‌ನಲ್ಲಿ ಸೆಕೆ ಮರಳುವುದು ಮೆಲ್ಲಗಲ್ಲ. ಸಮುದ್ರದ ಗಾಳಿ ತಡವಾಗಿ, ನೆಲದ ಕಡೆಯಿಂದ ಪೂರ್ವದ ಒಣಗಾಳಿ ಬೀಸಿದ ದಿನ ಉಷ್ಣಾಂಶ 38-40 ಡಿಗ್ರಿಗೆ ಜಿಗಿಯುತ್ತದೆ; 1956ರ ಮಾರ್ಚ್ 28ರಂದು 41.7 ದಾಖಲಾಗಿತ್ತು. ಅಂಥ ಎರಡು ದಿನ ಸಾಕು, ಪ್ಯಾನ್ಸಿ, ಫ್ಲಾಕ್ಸ್ ಎಲ್ಲ ಹುರಿದುಹೋಗಲು. ಹಾಗಾದರೆ ಹೂವಿಗೆ ನೆಮ್ಮದಿಯ ಕಾಲ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯ ತನಕ, ಎರಡು ತಿಂಗಳು ಚಿಲ್ಲರೆ. ಆ ಎರಡು ತಿಂಗಳು ಗಿಡ ಹೂಬಿಡುತ್ತಿರಬೇಕು. ಬೆಳೆಯುವ ಕೆಲಸ ಅದಕ್ಕೂ ಮೊದಲೇ ಮುಗಿದಿರಬೇಕು.

ಈಗ ಗಿಡದ ಆಯುಸ್ಸನ್ನು ಕಳೆಯಿರಿ. ಪೆಟೂನಿಯಾ ಬೀಜದಿಂದ ಹೂವಿಗೆ ಹತ್ತರಿಂದ ಹನ್ನೆರಡು ವಾರ ತೆಗೆದುಕೊಳ್ಳುತ್ತದೆ. ನರ್ಸರಿಯವರು ಡಾಗ್ ಫ್ಲವರ್ ಎನ್ನುವ ಆಂಟಿರೈನಮ್, ಡಯಾಂಥಸ್, ವರ್ಬೆನಾ ಸುಮಾರು ಹನ್ನೆರಡು ವಾರ, ಕೆಲವೊಮ್ಮೆ ಹೆಚ್ಚು. ಆಸ್ಟರ್ ಮೂರೂವರೆ ತಿಂಗಳು. ಇವು ನಿಧಾನದ ಗುಂಪು. ಜನವರಿ ಮಧ್ಯದಲ್ಲಿ ಹೂ ಬೇಕಾದರೆ ಇವನ್ನು ಅಕ್ಟೋಬರ್ 24ರ ಆಸುಪಾಸು ಬಿತ್ತಲೇಬೇಕು. ಫ್ಲಾಕ್ಸ್ ಒಂಬತ್ತು-ಹತ್ತು ವಾರ, ಕ್ಯಾಲೆಂಡುಲಾ ಎಂಟು-ಒಂಬತ್ತು, ನಸ್ಟರ್ಶಿಯಂ ಎಂಟು, ಅಲಿಸಮ್ ಆರೇಳು. ಇವು ಬೇಗದ ಗುಂಪು. ನವೆಂಬರ್ ಮೊದಲ ವಾರದಿಂದ ಮೂರನೇ ವಾರದ ತನಕ ಧಾರಾಳ ಸಮಯವಿದೆ. ನವೆಂಬರ್ 20 ದಾಟಿದರೆ ಅಲಿಸಮ್ ಮತ್ತು ನಸ್ಟರ್ಶಿಯಂ ಮಾತ್ರ.

ಇಲ್ಲಿ ಒಂದು ಸಹಜ ಸಂದೇಹ ಬರುತ್ತದೆ. ಅಕ್ಟೋಬರ್ 24ಕ್ಕೆ ಹಗಲು ಇನ್ನೂ 34 ಡಿಗ್ರಿ ಇರುವಾಗ ಪೆಟೂನಿಯಾ ಬಿತ್ತುವುದು ಹೇಗೆ? ಉತ್ತರ ಬೀಜದಲ್ಲೇ ಇದೆ. ಮೊಳೆಯುವುದಕ್ಕೆ ಬೇಕಾದ ಹವೆ ಬೇರೆ, ಬೆಳೆದು ಹೂಬಿಡುವುದಕ್ಕೆ ಬೇಕಾದ ಹವೆ ಬೇರೆ. ಪೆಟೂನಿಯಾ ಬೀಜ 22ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಮೊಳೆಯುತ್ತದೆ. ಮನೆಯ ನೆರಳಿನ ಕಿಟಕಿಯ ಬಳಿ ಆ ಹೊತ್ತಿಗೆ ಹೊರಗಿನ ಬಿಸಿಲಿಗಿಂತ ತಂಪಾದ ಹವೆ ಸಿಗುತ್ತದೆ. ತಟ್ಟೆ ನೆರಳಲ್ಲಿರಲಿ, ಮಳೆಯ ಹನಿ ಬೀಳದಿರಲಿ. ಸಸಿ ನಾಲ್ಕು ಎಲೆ ಬಿಟ್ಟು ಬಿಸಿಲಿಗೆ ಬರುವಾಗ ನವೆಂಬರ್ ಮಧ್ಯ ಕಳೆದಿರುತ್ತದೆ, ರಾತ್ರಿ ತಂಪಾಗಿರುತ್ತದೆ. ಪ್ಯಾನ್ಸಿಯ ಬೀಜಕ್ಕೆ ಮಾತ್ರ ಮೊಳೆಯುವಾಗಲೇ 20 ಡಿಗ್ರಿಯ ಹತ್ತಿರದ ತಂಪು ಬೇಕು. ಅದನ್ನು ನವೆಂಬರ್ ಎರಡನೇ ವಾರದ ನಂತರ ಬಿತ್ತಬೇಕು, ಇಲ್ಲವೇ ಸಸಿಯನ್ನೇ ಕೊಳ್ಳಬೇಕು. ಸ್ಟಾಕ್, ಲಾರ್ಕ್‌ಸ್ಪರ್ ಇವು ಮುಂಬಯಿಯವರು ಆಸೆಪಡಬೇಕಾದ ಹೂವುಗಳಲ್ಲ. ತಂಪು ಸಾಲದೆ ಸ್ಟಾಕ್ ಗಿಡ ಎಲೆಯಲ್ಲೇ ಉಳಿಯುತ್ತದೆ, ಲಾರ್ಕ್‌ಸ್ಪರ್ ಮೊಳೆಯುವುದೇ ಕಷ್ಟ. ಇದನ್ನು ಒಪ್ಪಿಕೊಳ್ಳುವುದೂ ಒಂದು ತಿಳಿವಳಿಕೆ.

ಈ ಲೆಕ್ಕಕ್ಕೆ ಊರಿನಲ್ಲೇ ಒಂದು ತಾಳೆ ಇದೆ. ಬೈಕಲಾದ ರಾಣಿಬಾಗ್‌ನಲ್ಲಿ ಮಹಾನಗರಪಾಲಿಕೆಯ ಫಲಪುಷ್ಪ ಪ್ರದರ್ಶನ ನಡೆಯುವುದು ಸಾಮಾನ್ಯವಾಗಿ ಜನವರಿ ಕೊನೆಗೆ ಅಥವಾ ಫೆಬ್ರವರಿ ಮೊದಲಲ್ಲಿ. ಊರಿನ ಹೂವು ಯಾವಾಗ ತುಂಬಿ ಬರುತ್ತದೆ ಎಂಬುದು ಅಲ್ಲಿನ ಮಾಲಿಗಳಿಗೆ ಗೊತ್ತು. ಆ ದಿನದಿಂದ ಹನ್ನೆರಡು-ಹದಿಮೂರು ವಾರ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ ಕೊನೆಯ ವಾರಕ್ಕೇ ಬಂದು ನಿಲ್ಲುತ್ತೇವೆ.

ದೀಪಾವಳಿಯೋ, ಸ್ವಾತಿಯೋ

'ದೀಪಾವಳಿ ಕಳೆದ ಮೇಲೆ ಬಿತ್ತಿ' ಎಂಬ ಮಾತು ಮುಂಬಯಿಯಲ್ಲಿ ಚಾಲ್ತಿಯಲ್ಲಿದೆ. ಪೊಟ್ಟಣಕ್ಕಿಂತ ಇದು ಎಷ್ಟೋ ಮೇಲು, ಯಾಕೆಂದರೆ ಈ ಊರಿನ ಅನುಭವದಿಂದ ಬಂದದ್ದು. ಆದರೆ ದೀಪಾವಳಿ ಚಂದ್ರನ ಲೆಕ್ಕದ ಹಬ್ಬ, ಹಿಂದೆಮುಂದೆ ಸರಿಯುತ್ತದೆ. 2023ರಲ್ಲಿ ಲಕ್ಷ್ಮೀಪೂಜೆ ನವೆಂಬರ್ 12ಕ್ಕೆ ಬಂತು. 2025ರಲ್ಲಿ ಅಕ್ಟೋಬರ್ 20-21ಕ್ಕೆ. ಮೂರು ವಾರದ ವ್ಯತ್ಯಾಸ. ನಾಲ್ಕೇ ತಿಂಗಳ ಆಯುಸ್ಸಿನ ಗಿಡಕ್ಕೆ ಮೂರು ವಾರ ಎಂದರೆ ಸಣ್ಣದಲ್ಲ. 2023ರಲ್ಲಿ ದೀಪಾವಳಿಗೆ ಕಾದು ಕೂತವರಿಗೆ ಆಸ್ಟರ್ ಕೈತಪ್ಪಿದಂತೆಯೇ.

ಕನ್ನಡ ರೈತರ ಮಳೆ ನಕ್ಷತ್ರದ ಲೆಕ್ಕ ಇದಕ್ಕಿಂತ ಗಟ್ಟಿ. ಅದು ಸೂರ್ಯನ ದಾರಿಯನ್ನು ಇಪ್ಪತ್ತೇಳು ಭಾಗ ಮಾಡಿದ ಲೆಕ್ಕ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಚಿತ್ತೆ ಅಕ್ಟೋಬರ್ 10-11ಕ್ಕೆ ಹುಟ್ಟುತ್ತದೆ, ಸ್ವಾತಿ 24ಕ್ಕೆ, ವಿಶಾಖೆ ನವೆಂಬರ್ 6ಕ್ಕೆ, ಅನೂರಾಧೆ 19-20ಕ್ಕೆ. ವರ್ಷದಿಂದ ವರ್ಷಕ್ಕೆ ಒಂದು ದಿನದ ಆಚೀಚೆ ಬಿಟ್ಟರೆ ಬದಲಾಗುವುದಿಲ್ಲ. ಕನ್ನಡದ ಗೋಡೆ ಕ್ಯಾಲೆಂಡರಿನಲ್ಲಿ ಈ ದಿನಗಳು ಅಚ್ಚಾಗಿಯೇ ಇರುತ್ತವೆ. ಮುಂಬಯಿಯ ಹೂದೋಟದ ಸೂತ್ರವನ್ನು ಮೂರು ಮಾತಿನಲ್ಲಿ ಹೇಳಬಹುದು: ಚಿತ್ತೆಯಲ್ಲಿ ಮಣ್ಣು ಹಸನು ಮಾಡಿ, ಸ್ವಾತಿಯಲ್ಲಿ ನಿಧಾನದ ಬೀಜ ಬಿತ್ತಿ, ವಿಶಾಖೆಯಲ್ಲಿ ಬೇಗದ ಬೀಜ ಬಿತ್ತಿ. ಅನೂರಾಧೆಗೆ ಬಿತ್ತನೆ ನಿಲ್ಲಿಸಿ, ಇದ್ದ ಸಸಿ ನೋಡಿಕೊಳ್ಳಿ.

ಹಾಗೆಂದು ನಕ್ಷತ್ರವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ರೈತರು ನಂಬಿದ್ದೂ ಹಾಗಲ್ಲ. ವಿಜಯಪುರ, ಕಲಬುರಗಿಯ ಕರಿನೆಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವವರು ಯಾವ ಮಳೆ ನಡೆದಿದೆ ಎಂದು ನೋಡುತ್ತಾರೆ, ಆಮೇಲೆ ನೆಲಕ್ಕೆ ಇಳಿದು ಒಂದು ಹಿಡಿ ಮಣ್ಣು ತೆಗೆದು ಅದುಮುತ್ತಾರೆ. ಹದ ಬಂದಿದೆಯೋ ಇಲ್ಲವೋ ಎಂದು ಕೈ ಹೇಳಬೇಕು. ಹದ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದದ ಸಾಟಿ ಸಿಗುವುದು ಕಷ್ಟ. ಮಣ್ಣಿನ ತೇವ, ಗಾಳಿಯ ಬಿಸಿ, ದಿನದ ಹೊತ್ತು, ಬಿತ್ತುವವರ ಸಿದ್ಧತೆ ಎಲ್ಲ ಕೂಡಿ ಬಂದ ಗಳಿಗೆ ಅದು. ಬೆಲ್ಲದ ಪಾಕಕ್ಕೂ ಹೊಲಕ್ಕೂ ಒಂದೇ ಪದ ಬಳಸುವ ಭಾಷೆಯವರಿಗೆ ಪೊಟ್ಟಣದ ಹಿಂಬದಿಯ ತಿಂಗಳು ದೊಡ್ಡದಾಗಿ ಕಾಣಬಾರದಿತ್ತು. ಆದರೆ ಬಾಲ್ಕನಿಗೆ ಬಂದ ಕೂಡಲೇ ಅಜ್ಜಿಯ ಕಾಲದ ಈ ತಿಳಿವಳಿಕೆಯನ್ನು ಹಳ್ಳಿಯಲ್ಲೇ ಬಿಟ್ಟುಬಂದವರ ಹಾಗೆ ವರ್ತಿಸುತ್ತೇವೆ.

ಮುಂಬಯಿಯ ಫ್ಲ್ಯಾಟಿನಲ್ಲಿ ಹದ ನೋಡುವುದು ಹೇಗೆ? ಮೂರು ಗುರುತು ಸಾಕು. ಒಂದು, ಹತ್ತು ದಿನ ಮಳೆ ಬಿದ್ದಿರಬಾರದು. ಎರಡು, ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಸಿಗುವ ಸಾಂತಾಕ್ರೂಜ್‌ನ ಕನಿಷ್ಠ ಉಷ್ಣಾಂಶ ಸತತ ಮೂರು ದಿನ 22ರ ಕೆಳಗೆ ಅಥವಾ ಅದರ ಹತ್ತಿರ ಬಂದಿರಬೇಕು. ಮೂರನೆಯದು ಪ್ರತಿ ಮನೆಯಲ್ಲೂ ಇರುವ ಥರ್ಮಾಮೀಟರ್: ತೆಂಗಿನೆಣ್ಣೆ. ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಬಾಲ್ಕನಿಯಲ್ಲಿಟ್ಟ ಸಣ್ಣ ಬಾಟಲಿಯ ಎಣ್ಣೆ ಬೆಳಿಗ್ಗೆ ಮಬ್ಬಾಗಿ, ತಳದಲ್ಲಿ ತೆಳುವಾಗಿ ಗಟ್ಟಿಯಾಗತೊಡಗಿದರೆ ರಾತ್ರಿಯ ಸೆಕೆ ಮುರಿದಿದೆ ಎಂದರ್ಥ. ಮನೆಯೊಳಗಿನ ಬಾಟಲಿ ಗಟ್ಟಿಯಾಗುವ ತನಕ ಕಾಯಬೇಡಿ. ಆಗ ವಿಶಾಖೆಯೂ ಮುಗಿದಿರುತ್ತದೆ.

ಊರು ಒಂದೇ ಆದರೂ ಹದ ಎಲ್ಲೆಡೆ ಒಂದೇ ದಿನ ಬರುವುದಿಲ್ಲ. ಜನವರಿಯ ರಾತ್ರಿ ಕೊಲಾಬಾ ಸಾಂತಾಕ್ರೂಜ್‌ಗಿಂತ ಎರಡು-ಮೂರು ಡಿಗ್ರಿ ಬೆಚ್ಚಗಿರುತ್ತದೆ, ಮೂರು ಕಡೆ ಸಮುದ್ರ ಇರುವುದರಿಂದ. ಬೊರಿವಲಿಯ ಕಾಡಿನ ಅಂಚು, ಠಾಣೆ, ಬದ್ಲಾಪುರದತ್ತ ಹೋದಷ್ಟೂ ತಂಪು ಹೆಚ್ಚು. ದಕ್ಷಿಣ ಮುಂಬಯಿಯವರು ಒಂದು ವಾರ ತಡಮಾಡಿ, ಬೇಗದ ಹೂವುಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಬದ್ಲಾಪುರದವರು ಸ್ವಾತಿ ಹುಟ್ಟಿದ ದಿನವೇ ಬಿತ್ತಬಹುದು.

ಬಾಲ್ಕನಿ ಯಾವ ದಿಕ್ಕಿಗಿದೆ ಎಂಬುದು ಇನ್ನೂ ಮುಖ್ಯ. ಮುಂಬಯಿ 19 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್‌ನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿ 47-48 ಡಿಗ್ರಿ ಎತ್ತರದಲ್ಲಷ್ಟೇ ನಿಲ್ಲುತ್ತಾನೆ. ಹಾಗಾಗಿ ಮಳೆಗಾಲದಲ್ಲಿ ಬಿಸಿಲೇ ಕಾಣದ ದಕ್ಷಿಣದ ಬಾಲ್ಕನಿಗೆ ಚಳಿಗಾಲದಲ್ಲಿ ಬಿಸಿಲು ಒಳಗಿನ ಗೋಡೆಯ ತನಕ ಬರುತ್ತದೆ. 'ನಮ್ಮ ಬಾಲ್ಕನಿಗೆ ಬಿಸಿಲಿಲ್ಲ' ಎಂದು ಜೂನ್‌ನಲ್ಲಿ ತೀರ್ಮಾನಿಸಿದವರು ನವೆಂಬರ್‌ನಲ್ಲಿ ಒಮ್ಮೆ ನೋಡಬೇಕು. ಉತ್ತರದ ಕಿಟಕಿಯವರಿಗೆ ಇದರ ಉಲ್ಟಾ. ಅವರು ಈ ಹೂವುಗಳಿಗೆ ಹಣ ಸುರಿಯದಿರುವುದೇ ಲೇಸು.

ಬಿತ್ತುವ ಕೆಲಸದಲ್ಲಿ ಹೆಚ್ಚು ಹೇಳುವುದೇನಿಲ್ಲ. ತಳದಲ್ಲಿ ತೂತಿರುವ ಅಗಲ ತಟ್ಟೆ, ಅರ್ಧ ತೆಂಗಿನನಾರಿನ ಪುಡಿ, ಅರ್ಧ ಜರಡಿ ಹಿಡಿದ ಗೊಬ್ಬರ. ನರ್ಸರಿಯ ಕೆಂಪುಮಣ್ಣನ್ನೇ ತುಂಬಿದರೆ ಅದು ಗಟ್ಟಿಯಾಗಿ ನೀರು ಹಿಡಿದು ಸಸಿ ಕೊಳೆಸುತ್ತದೆ. ಪೆಟೂನಿಯಾ ಬೀಜ ಧೂಳಿನಷ್ಟು ಸಣ್ಣದು. ಒಂದು ಚಿಟಿಕೆ ಒಣ ಮರಳಿನಲ್ಲಿ ಬೆರೆಸಿ ಉದುರಿಸಬೇಕು, ಮೇಲೆ ಮಣ್ಣು ಮುಚ್ಚಬಾರದು, ಅದಕ್ಕೆ ಮೊಳೆಯಲು ಬೆಳಕು ಬೇಕು. ಆಂಟಿರೈನಮ್‌ಗೂ ಹಾಗೆಯೇ. ಪ್ಯಾನ್ಸಿಗೆ ಕತ್ತಲು ಬೇಕು. ನಸ್ಟರ್ಶಿಯಂ ಬೀಜ ಕಡಲೆಕಾಳಿನಷ್ಟು ದಪ್ಪ, ಬೇರು ಕದಲಿಸಿದರೆ ಮುನಿಯುವ ಜಾತಿ. ನೇರ ಕುಂಡಕ್ಕೇ ಬೆರಳಿನಿಂದ ಊರಬೇಕು. ನೀರನ್ನು ಮೇಲಿಂದ ಸುರಿಯದೆ, ತಟ್ಟೆಯನ್ನು ನೀರಿನ ಬೋಗುಣಿಯಲ್ಲಿ ಇಟ್ಟು ತಳದಿಂದ ಹೀರಲು ಬಿಟ್ಟರೆ ಅರ್ಧ ಸಾವು ತಪ್ಪುತ್ತದೆ.

ಬೇಕೇ ಈ ಹೂವುಗಳು?

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮೊದಲನೆಯದು: ಪರದೇಶದ ಹೂವುಗಳಿಗೆ ಇಷ್ಟು ಪಾಡು ಯಾಕೆ, ಮಾಟುಂಗಾದ ಹೂವಿನಂಗಡಿಗೆ ಉಡುಪಿಯ ಶಂಕರಪುರದ ಮಲ್ಲಿಗೆ ಬರುತ್ತದಲ್ಲ? ಬರಲಿ, ಮುಡಿಯೋಣ. ಆದರೆ ಪೂಜೆಗೆ, ತೋರಣಕ್ಕೆ ಇಲ್ಲದೆ ಆಗದ ಚೆಂಡುಹೂವೇ ಮೆಕ್ಸಿಕೋದಿಂದ ಬಂದದ್ದು. ಫ್ಲಾಕ್ಸ್ ಟೆಕ್ಸಾಸಿನದು, ಪೆಟೂನಿಯಾದ ಮೂಲ ದಕ್ಷಿಣ ಅಮೆರಿಕ, ಆಸ್ಟರ್ ಚೀನಾದ್ದು. ಆ ಆಸ್ಟರನ್ನು ಕರ್ನಾಟಕದ ರೈತರು ಇಂದು ಹೊಲದಲ್ಲಿ ಬೆಳೆದು ಮಾರುಕಟ್ಟೆಗೆ ತರುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಕಾಮಿನಿ, ಪೂರ್ಣಿಮಾ, ಶಶಾಂಕ್‌ನಂಥ ತಳಿಗಳನ್ನು ಕೊಟ್ಟಿದೆ. ಹೂವು ಎಲ್ಲಿಂದ ಬಂತು ಎಂಬುದು ದೊಡ್ಡ ವಿಷಯವಲ್ಲ. ಅದರ ಜೊತೆ ಕಾಲದ ಲೆಕ್ಕವನ್ನೂ ಪರದೇಶದಿಂದಲೇ ತರಿಸಿಕೊಳ್ಳುವುದು ತಪ್ಪು. ಮಳೆಗಾಲದಲ್ಲಿ ಕರ್ಣಕುಂಡಲ, ಜಿನ್ನಿಯಾ, ಕೋಳಿಜುಟ್ಟು ಬೆಳೆಸುವವರು ಚಳಿಗಾಲದಲ್ಲಿ ಕುಂಡ ಖಾಲಿ ಬಿಡಬೇಕಿಲ್ಲ.

ಎರಡನೆಯದು ಗಂಭೀರವಾದದ್ದು. ಹವೆಯೇ ಬದಲಾಗುತ್ತಿದೆ, ಮಳೆ ಅಕ್ಟೋಬರ್ ಕೊನೆಗೂ ಸುರಿಯುತ್ತದೆ, ಕಾಂಕ್ರೀಟಿನ ಊರಿನಲ್ಲಿ ರಾತ್ರಿ ತಂಪಾಗುವುದೇ ಕಡಿಮೆ. ಹಾಗಿರುವಾಗ ಯಾವ ಲೆಕ್ಕ ನಿಂತೀತು? ಈ ಮಾತು ತಾರೀಖಿನ ವಿರುದ್ಧ ಸರಿಯಾದ ವಾದ, ಹದದ ವಿರುದ್ಧ ಅಲ್ಲ. ಮಳೆ ಸ್ವಾತಿಯಲ್ಲೂ ಬಿಡದಿದ್ದರೆ ಬಿತ್ತನೆಯನ್ನು ವಿಶಾಖೆಗೆ ತಳ್ಳಿ, ಆಸ್ಟರ್ ಕೈಬಿಟ್ಟು ಫ್ಲಾಕ್ಸ್ ಹಿಡಿಯಬೇಕು. ಒಂದೇ ಪೊಟ್ಟಣವನ್ನು ಒಂದೇ ದಿನ ಖಾಲಿ ಮಾಡದೆ ಮೂರು ಪಾಲು ಮಾಡಿ, ವಾರಕ್ಕೊಂದು ಪಾಲು ಬಿತ್ತಬೇಕು. ಹೊಲದ ರೈತರಿಗೆ ಮೂರು ಸಲ ಬಿತ್ತುವ ಸೌಕರ್ಯ ಇಲ್ಲ. ಬಾಲ್ಕನಿಯವರಿಗೆ ಇದೆ.

ಬೀಜದ ಕಂಪನಿಗಳಿಂದ ಕೇಳಬೇಕಾದದ್ದೂ ಇದೆ. ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ ಎಲ್ಲ ಅಚ್ಚು ಮಾಡುವವರಿಗೆ ಇನ್ನೆರಡು ಸಾಲು ಭಾರವಲ್ಲ: ಮೊಳೆಯಲು ಬೇಕಾದ ಉಷ್ಣಾಂಶ ಎಷ್ಟು, ಬಿತ್ತಿದ ಎಷ್ಟು ದಿನಕ್ಕೆ ಹೂ. ಇವೆರಡು ಇದ್ದರೆ ತಿಂಗಳ ಹೆಸರು ಬೇಕಾಗುವುದೇ ಇಲ್ಲ. ಚೆನ್ನೈಯವರು ಹಿಂಗಾರು ಮಳೆ ಇಳಿದ ಮೇಲೆ ಬಿತ್ತುತ್ತಾರೆ, ಬೆಂಗಳೂರಿನವರು ಸೆಪ್ಟೆಂಬರ್‌ನಲ್ಲಿ, ದೆಹಲಿಯವರು ತಮ್ಮ ಕೊರೆಯುವ ಜನವರಿಗೆ ಮೊದಲೇ ಗಿಡ ಗಟ್ಟಿಯಾಗುವಂತೆ. ಒಂದೇ ಪೊಟ್ಟಣ ಎಲ್ಲರಿಗೂ ನಿಜ ಹೇಳೀತು. ಮಹಾನಗರಪಾಲಿಕೆಯ ಉದ್ಯಾನ ವಿಭಾಗವೂ ಪ್ರದರ್ಶನದ ದಿನ ಹೂ ತೋರಿಸುವುದರ ಜೊತೆಗೆ, ಯಾವ ಬೀಜ ಯಾವ ದಿನ ಬಿತ್ತಿದ್ದು ಎಂದು ಪ್ರತಿ ಕುಂಡದ ಮುಂದೆ ಒಂದು ಚೀಟಿ ಇಡಲಿ. ಬಂದವರು ಫೋಟೊ ತೆಗೆಯುವಾಗ ಆ ತಾರೀಖೂ ಮನೆಗೆ ಬರುತ್ತದೆ. ಮಾಲಿಗಳ ತಲೆಯಲ್ಲಿರುವ ಈ ಊರಿನ ಪಂಚಾಂಗ ಅವರ ನಿವೃತ್ತಿಯ ಜೊತೆ ಹೋಗಬಾರದು. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಕಡೆ ಅಕ್ಟೋಬರ್‌ನ ಒಂದು ಸಂಜೆ ಬೀಜ ಹಂಚಿಕೊಳ್ಳುವುದಕ್ಕೆ ಮೀಸಲಾದರೆ, ಹಿಂಗಾರಿ ಬಿತ್ತಿದ ಕೈಗಳೂ ಕುಂಡ ಮಾತ್ರ ಕಂಡ ಕೈಗಳೂ ಒಂದೆಡೆ ಸೇರುತ್ತವೆ.

ಅದೆಲ್ಲ ಆಗುವ ತನಕ ಪ್ರತಿಯೊಬ್ಬರೂ ಮಾಡಬಹುದಾದ ಕೆಲಸ ಸಣ್ಣದು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಮೂರು ದಿನ ಗುರುತಿಸಿ: ಬಿತ್ತಿದ ದಿನ, ಮೊದಲ ಮೊಗ್ಗು ಕಂಡ ದಿನ, ಕೊನೆಯ ಹೂ ಬಾಡಿದ ದಿನ. ಹಳೆಯ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ. ಮೂರು ವರ್ಷಕ್ಕೆ ನಿಮ್ಮ ಮಹಡಿಗೆ, ನಿಮ್ಮ ದಿಕ್ಕಿಗೆ ಒಂದು ಪಂಚಾಂಗ ಸಿದ್ಧವಾಗಿರುತ್ತದೆ. ಆಮೇಲೂ ಯಾವುದಾದರೂ ವರ್ಷ ಸಸಿ ಸತ್ತರೆ ಕೈಗುಣವನ್ನು ಹಳಿಯುವ ಮೊದಲು ಆ ಮೂರು ದಿನಗಳನ್ನು ನೋಡಿ. ತಪ್ಪು ಅಲ್ಲೇ ಸಿಗುತ್ತದೆ, ಮುಂದಿನ ಸ್ವಾತಿಗೆ ತಿದ್ದಿಕೊಳ್ಳಬಹುದು.